ಬ್ಲೈಂಡ್ ಸ್ಪಾಟ್ ಮಾನಿಟರ್: ಮಿರರ್ ಲೈಟ್ ಯಾವಾಗ ಹತ್ತತ್ತೆ, ಯಾವಾಗ ಹತ್ತಲ್ಲ

ಪುಣೆಯಲ್ಲಿ ಆಟೊಮೊಬೈಲ್ ಓದ್ತಿರೋ ನಮ್ಮ ಕನ್ನಡದವ್ರಿಗೆ ಈ ನೋಟ್ಸ್. ಬ್ಲೈಂಡ್ ಸ್ಪಾಟ್ ಅಂದ್ರೆ ಮಿರರ್‌ನಲ್ಲಿ ಡ್ರೈವರ್‌ಗೆ ಕಾಣದ ಪಕ್ಕದ ಜಾಗ, ಅಲ್ಲಿ ಗಾಡಿ ಇದೆ ಅಂತ ಎಚ್ಚರಿಸೋದೇ ಈ ಮಾನಿಟರ್. ಡಾಪ್ಲರ್ (ವಾಪಸ್ ಬರೋ ಅಲೆಯ ಆವರ್ತನ ಎಷ್ಟು ಬದಲಾಯ್ತು ಅಂತ ನೋಡಿ ವೇಗ ಅಳೆಯೋದು) ಭಾಗ ಬಿಟ್ಟು ಓದಬೇಡಿ, ಈ ಸಿಸ್ಟಮ್‌ನ ಮುಖ್ಯ ಲಿಮಿಟೇಶನ್ಸ್ ಹುಟ್ಟೋದೇ ಅಲ್ಲಿ.

ಬೇಸಿಕ್ ಬೇಗ ಮುಗಿಸೋಣ. ಹಿಂದಿನ ಬಂಪರ್ ಒಳಗೆ ಎರಡೂ ಮೂಲೇಲಿ ಒಂದೊಂದು ರೇಡಾರ್ ಕೂತಿರತ್ತೆ. ಅದು ಕಾಯೋ ಜಾಗ ಸುಮಾರಾಗಿ ಸೈಡ್ ಮಿರರ್‌ನಿಂದ ಹಿಡಿದು ಬಂಪರ್ ಹಿಂದೆ 3 ಮೀಟರ್ ತನಕ, ಪಕ್ಕಕ್ಕೆ ಒಂದು ಲೇನ್ ಅಗಲ. ಅಲ್ಲಿ ಗಾಡಿ ಇದ್ರೆ ಮಿರರ್‌ನಲ್ಲಿ ಲೈಟ್, ಅದೇ ಕಡೆ ಇಂಡಿಕೇಟರ್ ಹಾಕಿದ್ರೆ ಲೈಟ್ ಮಿಣುಕತ್ತೆ ಇಲ್ಲಾ ಬೀಪ್ ಬರತ್ತೆ. ಕ್ಯಾಮೆರಾ ಚಿತ್ರ ತೋರಿಸೋದು ಬೇರೆ ಸಿಸ್ಟಮ್, ಅಲ್ಲಿ ನೋಡಿ ತೀರ್ಮಾನ ಮಾಡೋದು ಡ್ರೈವರ್ರೇ.

ಈಗ ಡಾಪ್ಲರ್. ನೀವು 60ರಲ್ಲಿ ಹೋಗ್ತಿದೀರ, ಪಕ್ಕದ ಬೈಕೂ 60, ಅಂದ್ರೆ ರೇಡಾರ್‌ಗೆ ಆ ಬೈಕಿನ ಸಾಪೇಕ್ಷ ವೇಗ ಸೊನ್ನೆ. ಡಿವೈಡರ್ ಮಾತ್ರ 60ರಲ್ಲಿ ಹಿಂದಕ್ಕೆ ಓಡ್ತಿರೋ ಹಾಗೆ ಕಾಣತ್ತೆ, ನಮ್ಮ ವೇಗದಷ್ಟೇ ಹಿಂದಕ್ಕೆ ಹೋಗೋದೆಲ್ಲ ನಿಂತಿರೋ ವಸ್ತು ಅಂತ ಕಂಪ್ಯೂಟರ್ ಅದನ್ನ ಕೈಬಿಡತ್ತೆ, ಇಲ್ಲಾಂದ್ರೆ ಪ್ರತಿ ಕಂಬಕ್ಕೂ ಲೈಟ್ ಹತ್ತಬೇಕಾಗಿತ್ತು. ಈ ಜಾಣತನವೇ ಟ್ರಾಫಿಕ್‌ನಲ್ಲಿ ಕೈಕೊಡೋದು. ಪುಣೆಯ ಐಟಿ ಏರಿಯಾ ಹಿಂಜೇವಾಡಿಯಲ್ಲಿ ಸಂಜೆ ಆಫೀಸ್ ಬಿಡೋ ಹೊತ್ತಲ್ಲಿ ಎಲ್ರೂ ತೆವಳ್ತಿರ್ತಾರೆ, ನಿಂತಿದ್ದಕ್ಕೂ ನಡೀತಿರೋದಕ್ಕೂ ವೇಗದ ವ್ಯತ್ಯಾಸವೇ ಉಳಿಯಲ್ಲ, ಅದಕ್ಕೇ ಎಷ್ಟೋ ಕಾರಲ್ಲಿ ಒಂದು ವೇಗಕ್ಕಿಂತ ಕೆಳಗೆ ಸಿಸ್ಟಮ್ ಕೆಲಸ ಮಾಡಲ್ಲ, ಕೆಲವಲ್ಲಿ ಗಂಟೆಗೆ 10 ಕಿಮೀ, ಕೆಲವಲ್ಲಿ 30ರ ಆಸುಪಾಸು. ಟೂವೀಲರ್‌ಗಳು ಎರಡೂ ಕಡೆಯಿಂದ ನುಗ್ಗೋದೂ ಅದೇ ವೇಗದಲ್ಲೇ!

ಇನ್ನೊಂದು ಲೆಕ್ಕ ಕೈಯಾರೆ ಮಾಡಿ ನೋಡಿ. ಕಾರು 50, ಹಿಂದಿಂದ ಬೈಕು 80. ವ್ಯತ್ಯಾಸ 30, ಅಂದ್ರೆ ಸೆಕೆಂಡಿಗೆ 8.3 ಮೀಟರ್. ಬಂಪರ್ ಹಿಂದಿನ ಆ 3 ಮೀಟರ್ ದಾಟೋಕೆ ಬೈಕಿಗೆ 0.36 ಸೆಕೆಂಡ್ ಸಾಕು. ಲೈಟ್ ಹತ್ತಿ ನೀವು ಅದನ್ನ ಗಮನಿಸೋ ಹೊತ್ತಿಗೆ ಬೈಕು ಹಿಂದಿನ ಡೋರ್ ಹತ್ರ ಇರತ್ತೆ. ಅದಕ್ಕೇ ಒಳ್ಳೆ ಸಿಸ್ಟಮ್‌ಗಳು ಇನ್ನೂ ಹತ್ತಾರು ಮೀಟರ್ ಹಿಂದಿಂದಲೇ ವೇಗವಾಗಿ ಬರೋ ಗಾಡಿ ಹಿಡೀತವೆ. ಗಾಡಿ ಕೊಳ್ಳೋವಾಗ ಕೇಳ್ಬೇಕಾದ ಮೊದಲ ಪ್ರಶ್ನೆ ಇದೇ ಅಂತ ನನ್ನ ಅಭಿಪ್ರಾಯ.

ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇನಲ್ಲಿ ಟೂವೀಲರ್‌ಗೆ ಪ್ರವೇಶ ಇಲ್ಲ, ಲೇನ್ ಗೆರೆ ಇದೆ, ಪಕ್ಕದಲ್ಲಿರೋದು ಕಾರು, ಬಸ್ಸು, ಟ್ರಕ್ಕು, ಅಂದ್ರೆ ರೇಡಾರ್‌ಗೆ ದೊಡ್ಡ ದೊಡ್ಡ ಲೋಹ. ಅಲ್ಲಿ ಇದು ನಿಜವಾಗ್ಲೂ ಉಪಕಾರಿ. ಬೈಕಿಂದ ವಾಪಸ್ ಬರೋ ಸಿಗ್ನಲ್ ಕಾರಿಗಿಂತ ತುಂಬಾ ಕಮ್ಮಿ, ಸೈಕಲ್‌ದು ಇನ್ನೂ ಕಮ್ಮಿ.

ರೆಸಲ್ಯೂಶನ್, ಅಂದ್ರೆ ಎರಡು ವಸ್ತುಗಳನ್ನ ರೇಡಾರ್ ಬೇರೆಬೇರೆಯಾಗಿ ನೋಡೋಕೆ ಅವುಗಳ ದೂರದಲ್ಲಿ ಇರಬೇಕಾದ ಕನಿಷ್ಠ ವ್ಯತ್ಯಾಸ, ಪರೀಕ್ಷೆಗೆ ಬರಬಹುದು: ಬೆಳಕಿನ ವೇಗವನ್ನ ಬ್ಯಾಂಡ್‌ವಿಡ್ತ್‌ನ (ರೇಡಾರ್ ಬಳಸೋ ಆವರ್ತನಗಳ ವ್ಯಾಪ್ತಿ) ಎರಡರಷ್ಟರಿಂದ ಭಾಗಿಸಿ. 24 ಗಿಗಾಹರ್ಟ್ಝ್ ರೇಡಾರ್‌ಗೆ 250 ಮೆಗಾಹರ್ಟ್ಝ್ ಸಿಕ್ರೆ 60 ಸೆಂಮೀ, 77ರ ರೇಡಾರ್‌ಗೆ 1 ಗಿಗಾಹರ್ಟ್ಝ್ ಸಿಕ್ರೆ 15 ಸೆಂಮೀ. ಟ್ರಕ್ಕಿಗೆ ಅಂಟ್ಕೊಂಡು ಬರೋ ಸ್ಕೂಟರನ್ನ ಬೇರೆ ಮಾಡಿ ನೋಡೋಕೆ ಇದು ಬೇಕು.

ಕೊನೇದು ಬಂಪರ್. ಮಳೆಗಾಲದಲ್ಲಿ ಘಾಟ್ ಇಳಿದ ಮೇಲೆ ಮೆತ್ತಿರೋ ಕೆಸರು, ದಪ್ಪ ಪುಟ್ಟಿ, ಅಲ್ಯುಮಿನಿಯಂ ಪುಡಿ ಇರೋ ಮೆಟಾಲಿಕ್ ಪೇಂಟ್, ಮೂಲೇಲಿ ಸ್ಟಿಕ್ಕರ್, ಇವೆಲ್ಲ ಸಿಗ್ನಲ್ ಕುಗ್ಗಿಸ್ತವೆ. ಬಂಪರ್ ಡೆಂಟಿಂಗ್-ಪೇಂಟಿಂಗ್ ಆದ್ಮೇಲೆ ರೇಡಾರ್‌ನ ಕೋನ ಚೆಕ್ ಮಾಡ್ಸಿ, ಕ್ಯಾಲಿಬ್ರೇಶನ್ ಆಯ್ತಾ ಅಂತ ಗ್ಯಾರೇಜಲ್ಲಿ ಬಾಯ್ಬಿಟ್ಟು ಕೇಳಿ, ಯಾಕಂದ್ರೆ ಕೋನ ಸ್ವಲ್ಪ ತಿರುಗಿದ್ರೂ ಪಕ್ಕದ ಲೇನ್ ಬಿಟ್ಟು ಅದರಾಚೆ ಲೇನಿನ ಗಾಡಿಗೆ ಲೈಟ್ ಹತ್ತಬಹುದು.