ಸೂನರ್: ಹನ್ನೆರಡು ಗಂಟೆಗೆ ಮೊದಲೇ ನುಗ್ಗಿದವರು

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನೋಡದವರಿಲ್ಲ. ಅಮೆರಿಕದ ಓಕ್ಲಹೋಮದಲ್ಲಿ ಹೀಗೆಯೇ ಮುಂಚಿತವಾಗಿ ನುಗ್ಗಿ, ಗೂಟ ನೆಟ್ಟು ಜಮೀನು ಹಿಡಿದವರಿಗೆ ಬಿದ್ದ ಹೆಸರು ‘ಸೂನರ್’. ಇಂಗ್ಲಿಷಿನಲ್ಲಿ ಅದಕ್ಕೆ ‘ಬೇಗನೆ’, ‘ಮುಂಚೆ’ ಎಂಬ ಅರ್ಥ. ಹುಟ್ಟಿದಾಗ ಅದೊಂದು ಬೈಗುಳ.

1889ರ ಏಪ್ರಿಲ್ 22ರಂದು ಅಲ್ಲಿನ ಸುಮಾರು 20 ಲಕ್ಷ ಎಕರೆಯನ್ನು ಸರ್ಕಾರ ವಲಸಿಗರಿಗೆ ತೆರೆಯಿತು. ಮಧ್ಯಾಹ್ನ 12ಕ್ಕೆ ಸಂಕೇತ ಸಿಕ್ಕೊಡನೆ ಓಡಿ, ಮೊದಲು ಮುಟ್ಟಿದವರಿಗೆ 160 ಎಕರೆ. ಗಡಿಯಲ್ಲಿ ಕುದುರೆ, ಬಂಡಿ, ರೈಲುಗಳಲ್ಲಿ ಕಾದಿದ್ದವರು ಸುಮಾರು 50 ಸಾವಿರ ಜನ. ಬೆಳಿಗ್ಗೆ ಬರಿಯ ಹುಲ್ಲುಗಾವಲಾಗಿದ್ದ ಗಥ್ರಿಯಲ್ಲಿ ಸಂಜೆಗೆ ಸುಮಾರು ಹತ್ತು ಸಾವಿರ ಜನರ ಗುಡಾರಗಳ ಊರೇ ಎದ್ದಿತ್ತು. ಆದರೆ ಏದುಸಿರು ಬಿಡುತ್ತ ಓಡಿ ಬಂದ ಅನೇಕರಿಗೆ ಒಳ್ಳೆಯ ತುಂಡುಗಳಲ್ಲಿ ಆಗಲೇ ಯಾರೋ ಆರಾಮವಾಗಿ ಕುಳಿತಿರುವುದು ಕಂಡಿತು. ಸಿಕ್ಕಿಬಿದ್ದವರು ದೂರದಿಂದ ಓಡಿ ಬಂದಂತೆ ತೋರಿಸಲು ಕುದುರೆಯ ಮೈಗೆ ಸೋಪಿನ ನೊರೆ ಬಳಿದರೆಂಬ ಕಥೆಗಳೂ ಇವೆ. ಕಾಯ್ದೆಯ ಪ್ರಕಾರ ಮೊದಲೇ ಒಳಹೊಕ್ಕವರಿಗೆ ಜಮೀನಿನ ಹಕ್ಕಿರಲಿಲ್ಲ. ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು. ಕೆಲಸದ ಮೇಲೆ ಒಳಗಿದ್ದ ರೈಲ್ವೆ ನೌಕರನೊಬ್ಬನಿಗೂ ಹಕ್ಕಿಲ್ಲವೆಂದು 1893ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಈ ಜಮೀನನ್ನು ‘ಯಾರಿಗೂ ಹಂಚದ ಭೂಮಿ’ ಎಂದು ಕರೆಯುತ್ತಿದ್ದರು. ನನಗೆ ಸೂನರ್‌ಗಿಂತ ಹೆಚ್ಚು ಕಾಡುವುದು ಈ ಮಾತೇ. 1803ರಲ್ಲಿ ಅಮೆರಿಕವು ಒಂದೂವರೆ ಕೋಟಿ ಡಾಲರ್‌ಗೆ ಫ್ರಾನ್ಸಿನಿಂದ ಕೊಂಡ ಲೂಸಿಯಾನ ಪ್ರದೇಶದೊಳಗೆ ಇದೂ ಬಂದಿತ್ತು. ಅಲ್ಲಿ ವಾಸವಿದ್ದವರನ್ನು ಯಾರೂ ಕೇಳಲಿಲ್ಲ. 1830ರ ಕಾಯ್ದೆಯ ನಂತರ ಆಗ್ನೇಯದಿಂದ ಚೆರೊಕಿ, ಕ್ರೀಕ್, ಸೆಮಿನೋಲ್ ಮೊದಲಾದ ಮೂಲನಿವಾಸಿಗಳನ್ನು ಎಬ್ಬಿಸಿ ಈ ಕಡೆಗೆ ಅಟ್ಟಲಾಯಿತು. ಇನ್ನು ಇದು ನಿಮ್ಮದೇ ನೆಲ ಎಂದು ಮಾತು ಕೊಟ್ಟದ್ದೂ ಆಯಿತು. ಅಂತರ್ಯುದ್ಧ ಮುಗಿದ ಮೇಲೆ, 1866ರ ಒಪ್ಪಂದಗಳಲ್ಲಿ, ಕ್ರೀಕ್ ಮತ್ತು ಸೆಮಿನೋಲರಿಂದ ಈ ಭಾಗವನ್ನು ಬಿಡಿಸಿಕೊಂಡರು. ಹಂಚದ ಭೂಮಿ ಸಿದ್ಧವಾದದ್ದು ಹೀಗೆ. ಹನ್ನೆರಡಕ್ಕೆ ಬಂದವನು ಪ್ರಾಮಾಣಿಕ, ಹತ್ತಕ್ಕೆ ಬಂದವನು ಕಳ್ಳ ಎಂಬ ಜಗಳ ಬಂದವರ ನಡುವಿನದು. ಕ್ರೀಕರ ಲೆಕ್ಕದಲ್ಲಿ ಇಬ್ಬರೂ ಒಂದೇ.

ಬೈಗುಳದ ಕಹಿ ಬಹುಕಾಲ ಉಳಿಯಲಿಲ್ಲ. 1907ರಲ್ಲಿ ಓಕ್ಲಹೋಮ ರಾಜ್ಯವಾಯಿತು. ಮರುವರ್ಷವೇ ಅಲ್ಲಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ‘ಸೂನರ್ಸ್’ ಎಂಬ ಹೆಸರಿಟ್ಟುಕೊಂಡಿತು. ಇಂದು ಇಡೀ ರಾಜ್ಯಕ್ಕೇ ಅದು ಅಡ್ಡಹೆಸರು.