ಕೋಚ್ ಸಂಬಳ ಎಷ್ಟು? ‘ಕೆಲಸದಿಂದ ತೆಗೆದರೆ’ ಎಂಬ ಕಲಮು ಓದಿ

ಅಮೆರಿಕದ ಕಾಲೇಜು ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ಟು ತೊಟ್ಟು ಆಡುವ ಆಟ) ಕೋಚ್‌ಗಳ ಸಂಬಳದ ಸುದ್ದಿ ಬಂದಾಗ ಎಲ್ಲರೂ ನೋಡುವುದು ವರ್ಷದ ಮೊತ್ತ. ಅಸಲಿ ಬೆಲೆ ಅಡಗಿರುವುದು ಬೈಔಟ್‌ನಲ್ಲಿ, ಅಂದರೆ ಅವಧಿಗೆ ಮೊದಲೇ ತೆಗೆದರೆ ಕೊಡಬೇಕಾದ ಹಣದಲ್ಲಿ.

ಹಣಕ್ಕೇನೂ ಬರವಿಲ್ಲ. ಟಿವಿ ಹಕ್ಕಿನ ಮೇಲೆ ಎನ್‌ಸಿಎಎಗೆ (ಅಲ್ಲಿನ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ) ಇದ್ದ ಹಿಡಿತವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲೇ ಬಿಡಿಸಿತು. 2022ರಲ್ಲಿ ಬಿಗ್ ಟೆನ್ ಎಂಬ ಕಾಲೇಜುಗಳ ಒಕ್ಕೂಟ ಮಾಡಿಕೊಂಡ ಏಳು ವರ್ಷಗಳ ಟಿವಿ ಒಪ್ಪಂದ 700 ಕೋಟಿ ಡಾಲರ್ ದಾಟಿತ್ತು. ಲಾಭ ಕೇಳಲು ಷೇರುದಾರರಿಲ್ಲ. ಕಾಲೇಜುಗಳು ಆಟಗಾರರಿಗೆ ನೇರವಾಗಿ ಪಾಲು ಕೊಡತೊಡಗಿದ್ದು 2025ರಲ್ಲಷ್ಟೇ. ಕೋಚ್ ಸಂಬಳಕ್ಕೆ ಮಿತಿ ಹಾಕೋಣವೆಂದರೆ ಕಾನೂನು ಅಡ್ಡ: ಬ್ಯಾಸ್ಕೆಟ್‌ಬಾಲ್ ಸಹಾಯಕ ಕೋಚ್‌ಗಳಿಗೆ ವರ್ಷಕ್ಕೆ 16,000 ಡಾಲರ್ ಎಂದು ಕಟ್ಟು ಹಾಕಹೋದ ಎನ್‌ಸಿಎಎ 1998ರಲ್ಲಿ ಮೇಲ್ಮನವಿಯಲ್ಲೂ ಸೋತಿತು.

ಇನ್ನು ಚೌಕಾಸಿ. ಅದೇ ಹೊತ್ತಿಗೆ ಬೇರೆಲ್ಲಿ ಕುರ್ಚಿ ಖಾಲಿಯಾಗಬಹುದು ಎಂಬ ಗುಸುಗುಸುವೂ ಗೆದ್ದ ಪಂದ್ಯಗಳಷ್ಟೇ ಮುಖ್ಯ. ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ 2017ರಲ್ಲಿ ಕೋಚ್ ಜಿಂಬೊ ಫಿಶರ್‌ಗೆ ಹತ್ತು ವರ್ಷಕ್ಕೆ 7.5 ಕೋಟಿ ಡಾಲರ್ ಬರೆದುಕೊಟ್ಟಿತು, ಪೂರ್ತಿ ಖಾತರಿ. 2020ರಲ್ಲಿ ತಂಡಕ್ಕೆ ಒಂಬತ್ತು ಗೆಲುವು, ಒಂದೇ ಸೋಲು. ಮರುವರ್ಷವೇ ಒಪ್ಪಂದ 2031ರವರೆಗೆ ಲಂಬಿಸಿತು, ಸಂಬಳವೂ ಏರಿತು. ಅವಸರ ಮಾಡಿದ್ದೇ ತಪ್ಪು. ಒಂದು ಒಳ್ಳೆಯ ಋತುವಿಗೆ ಹತ್ತು ವರ್ಷದ ಬೆಲೆ ಕಟ್ಟಿದಂತಾಯಿತು. 2023ರ ನವೆಂಬರ್‌ನಲ್ಲಿ ತೆಗೆದಾಗ ಲೆಕ್ಕ ಹೀಗೆ: 60 ದಿನದೊಳಗೆ 1.92 ಕೋಟಿ, ಆಮೇಲೆ 2031ರವರೆಗೆ ವರ್ಷಕ್ಕೆ 72 ಲಕ್ಷ. ಒಟ್ಟು ಸುಮಾರು 7.68 ಕೋಟಿ ಡಾಲರ್. ಬೇರೆಡೆ ಕೆಲಸ ಸಿಕ್ಕರೂ ಅಲ್ಲಿನ ಸಂಬಳದಷ್ಟು ಕಡಿತವಿಲ್ಲ.

ಆ ಕಡಿತದ ಸಾಲು ಇದ್ದರೆ ಏನಾಗುತ್ತದೆ? 2025ರ ಅಕ್ಟೋಬರ್‌ನಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಕೋಚ್ ಜೇಮ್ಸ್ ಫ್ರಾಂಕ್ಲಿನ್‌ರನ್ನು ತೆಗೆದಾಗ ಬಾಕಿ ಸುಮಾರು 4.9 ಕೋಟಿ. ಅವರು ವರ್ಜೀನಿಯಾ ಟೆಕ್ ಸೇರಿದ ಮೇಲೆ 90 ಲಕ್ಷಕ್ಕೆ ಇತ್ಯರ್ಥವಾಯಿತು.

ಮೂಲವೇತನ ಎಂದು ನಮೂದಾಗುವುದು ಅನೇಕ ಕಡೆ ಕೆಲವೇ ಲಕ್ಷ. ಮಿಕ್ಕಿದ್ದು ಟಿವಿ, ರೇಡಿಯೊ ಕಾರ್ಯಕ್ರಮಗಳ ಲೆಕ್ಕದಲ್ಲಿ. ಬೋನಸ್ಸಿಗೆ ತಲೆ ಕೆಡಿಸಿಕೊಳ್ಳಬೇಡಿ, ಒಟ್ಟು ಮೊತ್ತದ ಮುಂದೆ ಅದು ಚಿಲ್ಲರೆ.

ಕಡಿತದ ಕಲಮಿಗೂ ಒಂದು ತೂತಿದೆ. ಹಳೆಯವರು ಹೇಗೂ ಕೊಡುತ್ತಾರಲ್ಲ ಎಂದು ಹೊಸ ಕಾಲೇಜು ಮೊದಲ ವರ್ಷಗಳಲ್ಲಿ ಬೇಕೆಂದೇ ಕಡಿಮೆ ಸಂಬಳ ಬರೆಯಬಹುದು. ಹಾಗಾಗಿ ಜಾಣ ವಕೀಲರು ‘ಕಡಿತ ಮಾರುಕಟ್ಟೆ ದರದಂತೆ’ ಎಂದು ಸೇರಿಸುತ್ತಾರೆ.