ಗಿರಣಿಯ ವಲ್ಲಿ, ಚಿಗರಿಯ ಮಾಸ್ಕ್

ಖಾರ ಕುಟ್ಟಿಸಲು ಹೋಗಿದ್ದೆ. ಧಾರವಾಡದಲ್ಲಿ ನಮ್ಮ ಓಣಿಯ ತುದಿಗೇ ಗಿರಣಿ ಇದೆ. ಬೇಸಿಗೆ ಹತ್ತಿರ ಬಂತೆಂದರೆ ಅಲ್ಲಿ ಬ್ಯಾಡಗಿ ಮೆಣಸಿನಕಾಯಿ ತುಂಬಿದ ಡಬ್ಬಿಗಳ ಸಾಲು. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ. ಗಿರಣಿಯೊಳಗೆ ಕಾಲಿಟ್ಟವರು ಹಾಗೆ ಹೇಳಲಾರರು. ಘಾಟು ಹೊಡೆದು ನನಗೆ ಸಾಲಾಗಿ ಸೀನು. ಗಿರಣಿ ಅಣ್ಣ ಮಾತ್ರ ಆರಾಮ ಇದ್ದ. ವಲ್ಲಿಯನ್ನು, ಅಂದರೆ ಹೆಗಲ ಮೇಲಿನ ವಸ್ತ್ರವನ್ನು, ಎರಡು ಮಡಿಕೆ ಮಾಡಿ ಮೂಗು-ಬಾಯಿಗೆ ಬಿಗಿದು ಹಿಂದೆ ಗಂಟು ಹಾಕಿಕೊಂಡಿದ್ದ. ಹುಬ್ಬು, ರೆಪ್ಪೆ ಎಲ್ಲ ಕೆಂಪು.

ನಾನು ಆಗಷ್ಟೇ ಚಿಗರಿ, ಅಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಎಸಿ ಬಸ್ಸು, ಇಳಿದು ಬಂದಿದ್ದೆ. ಮಾಸ್ಕ್ ಇನ್ನೂ ಗದ್ದದ ಕೆಳಗೆ ನೇತಾಡುತ್ತಿತ್ತು. ಅದನ್ನು ನೋಡಿ ವಲ್ಲಿಯೊಳಗಿಂದಲೇ ಕೇಳಿದ: "ಯಾಕ್ರೀ ಸರ, ಇನ್ನೂ ಮಾಸ್ಕ್ ಬಿಟ್ಟಿಲ್ಲೇನ್ರೀ? ಕೊರೊನಾ ಹೋಗಿ ಭಾಳ ದಿನಾ ಆತಲ್ರೀ."

"ಮತ್ತ ನೀವ್ಯಾಕ ಕಟ್ಕೊಂಡೀರಿ?" ಅಂದೆ.

"ಇಲ್ಲಿ ಖಾರ ಹಾರ್ತೈತಲ್ರೀ. ಕಣ್ಣಿಗಿ ಕಾಣ್ತೈತಿ."

ಕಾಣೋದಷ್ಟೇ ಅಲ್ಲ, ಖಾರ ತಾನು ಬಂದಿದ್ದೇನೆ ಅಂತ ಕೂಗಿ ಹೇಳುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಮ್ಮ ಮೂಗಿನ ನರಗಳಲ್ಲಿ ಬಿಸಿಯನ್ನು ಗುರುತಿಸುವ ಗುಂಡಿಯನ್ನೇ ಒತ್ತುತ್ತದೆ. ಮಿದುಳಿಗೆ 'ಸುಡುತ್ತಿದೆ' ಅನ್ನೋ ಸುದ್ದಿ ಹೋಗುತ್ತದೆ. ಸೀನು, ಕೆಮ್ಮು, ಕಣ್ಣೀರು ಎಲ್ಲ ಶುರು. ವೈರಸ್ಸು ಒಳಗೆ ಹೋಗುವಾಗ ಇಂಥ ಗಲಾಟೆ ಯಾವುದೂ ಇಲ್ಲ. ಅದು ಬಂದದ್ದು ಗೊತ್ತಾಗೋದು ಎರಡು-ಮೂರು ದಿನ ಬಿಟ್ಟು, ಗಂಟಲು ಕೆರೆದಾಗ.

ನನ್ನ ಕಾರಣ ದೊಡ್ಡದೇನಲ್ಲ. ನವನಗರದಲ್ಲಿ ಅಕ್ಕನ ಮನೆ, ಅವಳಿಗೆ ಕೀಮೋ ನಡೆದಿತ್ತು. ಕೀಮೋ ಔಷಧ ರಕ್ತದ ಬಿಳಿ ಕಣಗಳನ್ನೂ ಕಡಿಮೆ ಮಾಡುತ್ತದೆ. ನಮಗೆ ಮೂರು ದಿನದ ನೆಗಡಿ ಆದದ್ದು ಅವಳಿಗೆ ಆಸ್ಪತ್ರೆ ಆಗಬಹುದು. ವಾರಕ್ಕೆರಡು ಸಲ ಅವಳನ್ನು ನೋಡಲು ಚಿಗರಿಯಲ್ಲೇ ಹೋಗುತ್ತಿದ್ದೆ. ಆಗ ಹತ್ತಿದ ರೂಢಿ ಇದು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತು ಪರಿಸ್ಥಿತಿ ಮುಗಿಯಿತು ಅಂದಿತು. ವೈರಸ್ಸು ಹೋಯಿತು ಅಂತ ಅವತ್ತೂ ಅನ್ನಲಿಲ್ಲ. ಅದಿರಲಿ, ಫ್ಲೂ ಮತ್ತು ಟಿಬಿ ಕೊರೊನಾಕ್ಕಿಂತ ಮೊದಲೂ ಇದ್ದವು, ಈಗಲೂ ಇವೆ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ.

ಹಾಗಂತ ಮಾಸ್ಕ್ ದಿನವಿಡೀ ಹಾಕುವ ವಸ್ತು ಅಂತ ನಾನು ಹೇಳಲ್ಲ. ಸಾಧನಕೆರೆ ಉದ್ಯಾನದಲ್ಲಿ ಬೆಳಗ್ಗೆ ವಾಕಿಂಗ್ ಮಾಡುವಾಗ ನಾನೂ ಹಾಕಲ್ಲ. ಕೇಳಬೇಕಾದದ್ದು 'ಕೊರೊನಾ ಇದೆಯಾ' ಅಂತಲ್ಲ, 'ಇಲ್ಲಿಯ ಗಾಳಿ ಎಲ್ಲಿಗೆ ಹೋಗುತ್ತದೆ' ಅಂತ.

ಕೆಮ್ಮಿದಾಗ, ಮಾತಾಡಿದಾಗ, ಸುಮ್ನೆ ಉಸಿರು ಬಿಟ್ಟಾಗಲೂ ಬಾಯಿಂದ ಹನಿ ಬರುತ್ತದೆ. 100 ಮೈಕ್ರಾನ್ ದಪ್ಪದ ಹನಿ, ಅಂದರೆ ತಲೆಕೂದಲಿನಷ್ಟು ದಪ್ಪದ್ದು, ಕೆಲವೇ ಸೆಕೆಂಡಿನಲ್ಲಿ ನೆಲಕ್ಕೆ ಬೀಳುತ್ತದೆ. 5 ಮೈಕ್ರಾನಿನ ಕಣ ನಿಂತ ಗಾಳಿಯಲ್ಲಿ ಮುಖದ ಎತ್ತರದಿಂದ ನೆಲ ಮುಟ್ಟಲು ಅರ್ಧ ಗಂಟೆ ಬೇಕು. 1 ಮೈಕ್ರಾನಿನದಕ್ಕೆ ಅರ್ಧ ದಿನ. ಇಷ್ಟು ಹೊತ್ತು ತೇಲುವ ಕಣ ಬಯಲಲ್ಲಾದರೆ ಗಾಳಿಗೆ ಚದುರಿಹೋಗುತ್ತದೆ. ಮುಚ್ಚಿದ ಜಾಗದಲ್ಲಾದರೆ ಒಟ್ಟಾಗುತ್ತದೆ, ಅಡುಗೆಮನೆಯಲ್ಲಿ ಒಗ್ಗರಣೆ ಹೊಗೆ ಒಟ್ಟಾದ ಹಾಗೆ.

ಚಿಗರಿ ಬಗ್ಗೆ ನನಗೆ ಹೆಮ್ಮೆಯಿದೆ. ಹುಬ್ಬಳ್ಳಿ-ಧಾರವಾಡದ ನಡುವಿನ 22 ಕಿಲೋಮೀಟರು ಬೆವರದೆ ಹೋಗಬಹುದು. ಆದರೆ ಎಸಿ ಬಸ್ಸಿನ ಕಿಟಕಿ ತೆಗೆಯಲು ಬರಲ್ಲ. ಇಲ್ಲೊಂದು ಸಣ್ಣ ಲೆಕ್ಕ ಇದೆ. ಹೊರಗಿನ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 420 ಭಾಗ ಕಾರ್ಬನ್ ಡೈಆಕ್ಸೈಡ್. ನಾವು ಬಿಡುವ ಉಸಿರಿನಲ್ಲಿ ಅದು ಸುಮಾರು 40,000. ತುಂಬಿದ ಬಸ್ಸಿನಲ್ಲಿ ಅದನ್ನು ಅಳೆಯುವ ಮೀಟರು 2,000 ತೋರಿಸಿತು ಅಂದುಕೊಳ್ಳಿ. ಹಾಗಾದರೆ ನೀವು ಎಳೆಯುವ ಗಾಳಿಯ 25ನೇ ಒಂದು ಭಾಗ ಆಗಲೇ ಯಾರದೋ ಎದೆಯೊಳಗೆ ಹೋಗಿ ಬಂದಿದೆ ಅಂತ ಅರ್ಥ. ನಿಮಿಷಕ್ಕೆ 15 ಉಸಿರಿನ ಹಾಗೆ ಮುಕ್ಕಾಲು ಗಂಟೆಗೆ 27 ಉಸಿರಿನಷ್ಟು ಎಂಜಲು ಗಾಳಿ. ಎಂಜಲು ತಾಟು ಮುಟ್ಟಿದರೆ ಕೈ ತೊಳೆಯುವ ಜನ ನಾವು!

ಈಗ ಮಾಸ್ಕಿನ ವಿಷಯಕ್ಕೆ ಬರೋಣ. ಬಹಳ ಜನ ಅದನ್ನು ಜರಡಿ ಅಂದುಕೊಂಡಿದ್ದಾರೆ. 'ವೈರಸ್ಸು ಇಷ್ಟು ಸಣ್ಣದು, ಬಟ್ಟೆಯ ತೂತು ಅಷ್ಟು ದೊಡ್ಡದು, ನಿಲ್ಲುತ್ತಾ?' ಅನ್ನೋ ವಾದ ಅಲ್ಲಿಂದಲೇ ಹುಟ್ಟಿದ್ದು. ಎನ್95 ಜರಡಿಯಲ್ಲ, ದಟ್ಟ ಜಾಲಿ ಕಂಟಿ. ಗಾಳಿ ಎಳೆಗಳ ನಡುವೆ ಸೊಟ್ಟಸೊಟ್ಟ ತಿರುಗಿ ಹೋಗಬೇಕು. ದಪ್ಪ ಕಣ ತಿರುವಿನಲ್ಲಿ ತಿರುಗಲಾರದೆ, ಜೋರಾಗಿ ಬಂದ ಲಾರಿಯಂತೆ ನೇರ ಹೋಗಿ ಎಳೆಗೆ ಬಡಿಯುತ್ತದೆ. ತೀರಾ ಸಣ್ಣ ಕಣಕ್ಕೆ ಗಾಳಿಯ ಅಣುಗಳೇ ಗುದ್ದುತ್ತವೆ. ಅದು ಜಾತ್ರೆಯಲ್ಲಿ ಕೈ ತಪ್ಪಿದ ಹುಡುಗನ ಹಾಗೆ ಆ ಕಡೆ ಈ ಕಡೆ ಅಲೆದು ಎಲ್ಲೋ ಅಂಟಿಕೊಳ್ಳುತ್ತದೆ. ಅಂದರೆ ತೀರಾ ಸಣ್ಣದನ್ನು ಹಿಡಿಯೋದೂ ಸುಲಭವೇ! ತಪ್ಪಿಸಿಕೊಳ್ಳುವುದರಲ್ಲಿ ಹುಷಾರು ಇರೋದು ನಡುವಿನದು, ಸುಮಾರು 0.3 ಮೈಕ್ರಾನಿನದು. ಅದಕ್ಕೇ ಪರೀಕ್ಷೆಯನ್ನು ಆ ಅಳತೆಯ ಕಣದಿಂದಲೇ ಮಾಡುತ್ತಾರೆ. ಅಲ್ಲಿ 100ಕ್ಕೆ 95 ಹಿಡಿದರೆ ಎನ್95.

ಬರೀ ಎಳೆಗಳಿಂದ ಅಷ್ಟು ಹಿಡಿಯಬೇಕೆಂದರೆ ಬಟ್ಟೆ ಎಷ್ಟು ದಪ್ಪ ಬೇಕಾಗುತ್ತದೆ ಅಂದರೆ ಉಸಿರೇ ಆಡಲ್ಲ. ಅದಕ್ಕೆ ಪಾಲಿಪ್ರೊಪಿಲೀನ್ ಎಳೆಗಳೊಳಗೆ ವಿದ್ಯುತ್ತಿನ ಚಾರ್ಜ್ ಕೂಡಿಸಿಟ್ಟಿರುತ್ತಾರೆ. ತಲೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ವಾ, ಹಾಗೆ ಎಳೆ ಕಣವನ್ನು ಎಳೆದುಕೊಳ್ಳುತ್ತದೆ. ವಲ್ಲಿಯಲ್ಲಿ ಇಲ್ಲದ್ದು ಇದೇ. ಮೆಣಸಿನ ಪುಡಿ ದಪ್ಪ, ಅದಕ್ಕೆ ವಲ್ಲಿ ಸಾಕು.

ಆದರೆ ಮಾಸ್ಕ್ ಎಷ್ಟೇ ಒಳ್ಳೆಯದಿರಲಿ, ಗಾಳಿ ಸಂದಿಯಿಂದ ಹೋದರೆ ಎಲ್ಲ ವ್ಯರ್ಥ. ಉಸಿರು ಬಿಟ್ಟಾಗ ಕನ್ನಡಕದ ಮೇಲೆ ಮಂಜು ಕೂತರೆ ಮೂಗಿನ ಹತ್ತಿರ ಸಂದಿ ಇದೆ ಅಂತ ತಿಳಿಯಿರಿ, ತಂತಿಯನ್ನು ಒತ್ತಿ ಕೂರಿಸಿ. ಗಡ್ಡ ಬಿಟ್ಟವರಿಗೂ ಇದೇ ಕಷ್ಟ. ಗದ್ದಕ್ಕೆ ನೇತುಹಾಕಿದ ಮಾಸ್ಕಿನಿಂದ ಏನೂ ಉಪಯೋಗವಿಲ್ಲ, ಅವತ್ತಿನ ನನ್ನದೂ ಸೇರಿ.

ಇದೆಲ್ಲ ಪ್ರಯೋಗಶಾಲೆಯ ಮಾತಾಯಿತು, ನಿಜವಾದ ಕಾಯಿಲೆ ತಡೆಯುತ್ತಾ? ದಕ್ಷಿಣ ಆಫ್ರಿಕಾದ ಒಂದು ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಗಿನಿಪಿಗ್‌ಗಳ ಎರಡು ಕೋಣೆಗೆ ಬಿಟ್ಟರು. ಒಂದೊಂದು ಕೋಣೆಯಲ್ಲಿ 90 ಪ್ರಾಣಿ. ರೋಗಿಗಳು ಒಂದು ದಿನ ಮಾಸ್ಕ್ ಹಾಕಬೇಕು, ಮರುದಿನ ಬಿಡಬೇಕು. ಹಾಕಿದ ದಿನದ ಗಾಳಿ ಒಂದು ಕೋಣೆಗೆ, ಬಿಟ್ಟ ದಿನದ್ದು ಇನ್ನೊಂದಕ್ಕೆ. ಬಿಟ್ಟ ದಿನದ ಗಾಳಿ ಕುಡಿದವುಗಳಲ್ಲಿ 69ಕ್ಕೆ ಟಿಬಿ ಸೋಂಕು ತಗುಲಿತು. ಹಾಕಿದ ದಿನದ ಕೋಣೆಯಲ್ಲಿ 36ಕ್ಕೆ. 2012ರಲ್ಲಿ ಪ್ರಕಟವಾದ ಈ ಪ್ರಯೋಗ ನನಗೆ ತುಂಬಾ ಇಷ್ಟ, ಯಾಕಂದರೆ ರೋಗಿಗಳು ಹಾಕಿದ್ದು ಎನ್95 ಅಲ್ಲ, ಸಾದಾ ಸರ್ಜಿಕಲ್ ಮಾಸ್ಕ್. ಕೆಮ್ಮುವವನು ಹಾಕಿಕೊಂಡರೆ ಅಗ್ಗದ್ದೂ ಕೆಲಸ ಮಾಡುತ್ತದೆ.

ಊರುಗಳಲ್ಲಿ ಮಾಡಿದ ಪರೀಕ್ಷೆಗಳ ಫಲಿತಾಂಶ ಇಷ್ಟು ಚೊಕ್ಕ ಇಲ್ಲ. ಬಾಂಗ್ಲಾದೇಶದ ಸುಮಾರು 600 ಹಳ್ಳಿಗಳ ಪರೀಕ್ಷೆಯಲ್ಲಿ, ಮಾಸ್ಕ್ ಹಂಚಿ 'ಹಾಕಿ' ಅಂತ ಹೇಳಿದ ಹಳ್ಳಿಗಳಲ್ಲಿ ಹಾಕುವವರು 100ಕ್ಕೆ 13ರಿಂದ 42ಕ್ಕೆ ಏರಿದಾಗ ಲಕ್ಷಣವಿರುವ ಸೋಂಕು ಶೇಕಡಾ 9ರಷ್ಟು ಇಳಿಯಿತು. ಇಷ್ಟೇನಾ ಅನ್ನಿಸಬಹುದು. ಆದರೆ ಅರ್ಧಕ್ಕಿಂತ ಹೆಚ್ಚು ಜನ ಆಗಲೂ ಹಾಕಿರಲಿಲ್ಲ. 'ಹಾಕಿ ಅಂತ ಹೇಳಿದರೆ ಏನಾಗುತ್ತದೆ' ಅನ್ನೋದು ಬೇರೆ, 'ಸರಿಯಾಗಿ ಹಾಕಿದರೆ ಏನಾಗುತ್ತದೆ' ಅನ್ನೋದು ಬೇರೆ.

ರೋಗ ಬರುವ ದಾರಿ ಗೊತ್ತಿಲ್ಲದಿದ್ದರೆ ಮಾಸ್ಕೂ ಸುಮ್ನೆ ಬಟ್ಟೆಯೇ. 1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗು ಹಣ್ಣು ಮಾಡಿತ್ತು. ಹ್ಯಾಫ್ಕಿನ್ ಎಂಬ ವಿಜ್ಞಾನಿ ಮಾಡಿದ ಪ್ಲೇಗಿನ ಲಸಿಕೆಯನ್ನು ಆಗ ಊರಿನ ಬಹುಪಾಲು ಜನ ಹಾಕಿಸಿಕೊಂಡರು. ಗಡ್ಡೆ ಪ್ಲೇಗು ಬರೋದು ಇಲಿಯ ಚಿಗಟದಿಂದ, ಮೂಗಿಗೆ ಏನು ಕಟ್ಟಿದರೂ ಅದು ನಿಲ್ಲಲ್ಲ. ಹನ್ನೆರಡು ವರ್ಷದ ಮೇಲೆ ಚೀನಾದ ಮಂಚೂರಿಯಾದಲ್ಲಿ ಅದೇ ಪ್ಲೇಗು ಶ್ವಾಸಕೋಶಕ್ಕೆ ಇಳಿದು ಉಸಿರಿನಿಂದ ಹರಡಿತು. ವೂ ಲಿಯೆನ್ ತೇ ಎಂಬ ಯುವ ವೈದ್ಯ ಹತ್ತಿ ಮತ್ತು ಗಾಯಕ್ಕೆ ಕಟ್ಟುವ ತೆಳು ಗಾಜ್ ಬಟ್ಟೆಯ ಮಾಸ್ಕ್ ಕಟ್ಟಿ ಅಂದ. ಮೆನಿ ಎಂಬ ಫ್ರೆಂಚ್ ವೈದ್ಯ ಅದನ್ನು ತಳ್ಳಿಹಾಕಿ ಬರಿಮುಖದಲ್ಲೇ ರೋಗಿಗಳನ್ನು ನೋಡಿದ. ಕೆಲವೇ ದಿನಗಳಲ್ಲಿ ತೀರಿಕೊಂಡ.

ಚಾರ್ಜಿನ ಪಾಠವನ್ನು ನನಗೆ ಕಲಿಸಿದ್ದು ನಮ್ಮ ಅವ್ವ. ಎರಡು-ಮೂರು ಎನ್95 ಇಟ್ಟುಕೊಂಡು, ಹಾಕಿದ್ದನ್ನು ಕಾಗದದ ಚೀಲದಲ್ಲಿ ಕೆಲವು ದಿನ ಒಣಗಲು ಬಿಟ್ಟು, ಸರದಿಯ ಮೇಲೆ ಬಳಸುತ್ತಿದ್ದೆ. ಒಂದು ದಿನ ಸಂಜೆ ಬಂದು ನೋಡಿದರೆ ಮೂರೂ ಸೋಪಿನಲ್ಲಿ ಮಿಂದು, ಕ್ಲಿಪ್ ಹಾಕಿಸಿಕೊಂಡು, ತಂತಿಯ ಮೇಲೆ ಧೋತರದ ಪಕ್ಕ ತೂಗುತ್ತಿವೆ. "ಎಷ್ಟ್ ಹೊಲಸಾಗಿದ್ವು, ನೋಡಾಕ ಆಗ್ತಿರ್ಲಿಲ್ಲ" ಅಂದಳು. ನೋಡಲು ಹೊಸದರಂತೆಯೇ ಇದ್ದವು. ಆದರೆ ಸೋಪು ನೀರಿಗೆ ಎಳೆಗಳ ಚಾರ್ಜ್ ಹೋಗಿಬಿಡುತ್ತದೆ. ಬಸ್ಸಿಗೆ ಇನ್ನು ಅವು ನಡೆಯಲ್ಲ.

ಎಸೆಯಲು ಮನಸ್ಸಾಗಲಿಲ್ಲ. ಮಸಾಲೆ ಖಾರ ಕುಟ್ಟಿಸಲು ಮತ್ತೆ ಗಿರಣಿಗೆ ಹೋದಾಗ ಒಂದನ್ನು ಹಾಕಿಕೊಂಡೆ. ಒಂದೂ ಸೀನು ಬರಲಿಲ್ಲ. ಗಿರಣಿ ಅಣ್ಣ ಎರಡು ಸಲ ನನ್ನ ಮುಖ ನೋಡಿ, "ನಮಗೂ ಒಂದ್ ತಂದ್ ಕೊಡ್ರಿ ಸರ, ವಲ್ಲಿ ಭಾಳ ಸೆಕಿ ಆಗ್ತೈತಿ" ಅಂದ. ಉಳಿದ ಎರಡನ್ನೂ ಕೊಟ್ಟೆ. ಇವು ಖಾರಕ್ಕಷ್ಟೇ, ಚಿಗರಿಗೆ ಬ್ಯಾರೆ ತಗೋರಿ ಅಂತ ಹೇಳಿ ಕೊಟ್ಟೆ.